ಮೊದಲ ವರ್ಷವೋ, ಐದನೇ ವರ್ಷವೋ: ಅಮೆರಿಕದ ಕಾಲೇಜು ಕುಸ್ತಿಯ ರೆಡ್‌ಶರ್ಟ್ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 57 ಕೆಜಿ ಕುಸ್ತಿ ನೋಡಿದವರಿಗೆ ಅಮನ್ ಸೆಹ್ರಾವತ್ ನೆನಪಿರುತ್ತಾರೆ. ಸೆಮಿಫೈನಲ್‌ನಲ್ಲಿ ಜಪಾನಿನ ರೇ ಹಿಗುಚಿ ಎದುರು ಸೋತ ಅವರು, ಮರುದಿನ ಪೋರ್ಟೊ ರಿಕೊದ ಡೇರಿಯನ್ ಕ್ರೂಜ್ ಅವರನ್ನು 13–5ರಿಂದ ಸೋಲಿಸಿ ಕಂಚು ತಂದರು. ಅದೇ ಹಿಗುಚಿಗೆ ಫೈನಲ್‌ನಲ್ಲಿ ಸೋತು ಬೆಳ್ಳಿ ಪಡೆದವರು ಅಮೆರಿಕದ ಸ್ಪೆನ್ಸರ್ ಲೀ. ನಮ್ಮ ಟೀವಿಯಲ್ಲಿ ಯಾರೂ ಹೇಳದ ಒಂದು ವಿಷಯ ಇಲ್ಲಿದೆ. ಕ್ರೂಜ್, ಲೀ ಇಬ್ಬರೂ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಬೆಳೆದವರು. 125 ಪೌಂಡ್ ತೂಕದಲ್ಲಿ, ಅಂದರೆ ಹೆಚ್ಚು ಕಡಿಮೆ ಅದೇ 57 ಕೆಜಿಯಲ್ಲಿ, ಕ್ರೂಜ್ 2017ರಲ್ಲಿ ಲೀಹೈ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮರುವರ್ಷ ಅಯೋವಾಕ್ಕಾಗಿ ಲೀ ಗೆದ್ದರು.

ಲೀ ಆಗ ಫ್ರೆಶ್‌ಮನ್, ಮೊದಲ ವರ್ಷದ ವಿದ್ಯಾರ್ಥಿ. ಸೀಸನ್ ಅರ್ಧ ಮುಗಿಯುವವರೆಗೆ ಅವರನ್ನು ತಂಡದ ಪರ ಇಳಿಸಿರಲೇ ಇಲ್ಲ. 2018ರ ಜನವರಿಯಲ್ಲಿ ಇಳಿಸಿದರು. ಮಾರ್ಚ್‌ನಲ್ಲಿ ಹುಡುಗ ಚಾಂಪಿಯನ್ ಆಗಿ ನಿಂತಿದ್ದ. ಆ ಜನವರಿಯಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಅಲ್ಲಿನವರು ‘ರೆಡ್‌ಶರ್ಟ್ ತೆಗೆಯುವುದು’ ಎನ್ನುತ್ತಾರೆ.

ಈ ರೆಡ್‌ಶರ್ಟ್ ಬಗ್ಗೆ ಬರೆಯಲು ಕಾರಣ ಒಂದು ಫೋನ್ ಕರೆ. ಅಮೆರಿಕದಲ್ಲಿರುವ ಸ್ನೇಹಿತರೊಬ್ಬರ ಮಗ ಹೈಸ್ಕೂಲ್ ಕುಸ್ತಿಯಲ್ಲಿ ಚೆನ್ನಾಗಿ ಮಾಡಿ ಕಾಲೇಜು ತಂಡ ಸೇರಿದ್ದಾನೆ. ಅಪ್ಪನ ದನಿಯಲ್ಲಿ ಗಾಬರಿ. ‘ಏನಪ್ಪಾ ಇದು, ಒಂದು ವರ್ಷ ಆಡಿಸಲ್ವಂತೆ. ರೆಡ್‌ಶರ್ಟ್ ಮಾಡ್ತಾರಂತೆ. ಫೇಲ್ ಆದ ಹಾಗಾ?’

ಇಲ್ಲ, ಫೇಲ್ ಅಲ್ಲ. ಶಿಕ್ಷೆಯೂ ಅಲ್ಲ. ಆದರೆ ಸಣ್ಣ ವಿಷಯವೂ ಅಲ್ಲ. ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಐದು ದಿನದ ಜಾತ್ರೆ, ನಾಲ್ಕು ದಿನದ ಟಿಕೆಟ್

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ಹಂತಕ್ಕೆ ಡಿವಿಷನ್ 1 ಎಂದು ಹೆಸರು. ಅಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ ಹೀಗಿದೆ. ಹುಡುಗ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನ ಗಡಿಯಾರ ಶುರುವಾಗುತ್ತದೆ. ಐದು ವರ್ಷ ಓಡುತ್ತದೆ. ಆ ಐದು ವರ್ಷದಲ್ಲಿ ಅವನು ನಾಲ್ಕು ಸೀಸನ್ ಮಾತ್ರ ಸ್ಪರ್ಧಿಸಬಹುದು. ಐದು ದಿನದ ಜಾತ್ರೆಗೆ ನಾಲ್ಕೇ ದಿನದ ಟಿಕೆಟ್ ಕೊಟ್ಟ ಹಾಗೆ. ಯಾವ ದಿನ ಹೊರಗೆ ಉಳಿಯಬೇಕು ಅನ್ನೋದು ನಿಮ್ಮ ಆಯ್ಕೆ. ಆದರೆ ಜಾತ್ರೆ ಯಾರಿಗೂ ಕಾಯುವುದಿಲ್ಲ.

ಹೊರಗೆ ಉಳಿಯುವ ಆ ಒಂದು ವರ್ಷವೇ ರೆಡ್‌ಶರ್ಟ್ ವರ್ಷ. ಹುಡುಗ ತಂಡದಲ್ಲೇ ಇರುತ್ತಾನೆ. ಬೆಳಗಿನ ಓಟ, ಸಂಜೆಯ ಮ್ಯಾಟ್, ಜಿಮ್, ಕ್ಲಾಸು ಎಲ್ಲ ಇತರರ ಹಾಗೇ ನಡೆಯುತ್ತದೆ. ಸ್ಕಾಲರ್‌ಶಿಪ್ ಇದ್ದರೆ ಅದೂ ಬರುತ್ತದೆ. ತಂಡದ ಪರ ಸ್ಪರ್ಧೆಗೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಸೀಸನ್ ಖರ್ಚಾಗುವುದಿಲ್ಲ.

ಹೆಸರು ಬಂದದ್ದು 1930ರ ದಶಕದಲ್ಲಿ ಎಂದು ಹೇಳುತ್ತಾರೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ವಾರನ್ ಆಲ್ಫ್‌ಸನ್ 1937ರಲ್ಲಿ ‘ಈ ವರ್ಷ ಅಭ್ಯಾಸ ಮಾತ್ರ ಮಾಡುತ್ತೇನೆ, ಪಂದ್ಯ ಬೇಡ’ ಎಂದು ಕೇಳಿಕೊಂಡರಂತೆ. ಅಭ್ಯಾಸಕ್ಕೆ ನಂಬರ್ ಇಲ್ಲದ ಕೆಂಪು ಅಂಗಿ ತೊಡುತ್ತಿದ್ದರು. ಆ ಕೆಂಪು ಅಂಗಿಯೇ ಪದ್ಧತಿಗೆ ಹೆಸರಾಯಿತು. ಇಂದು ಯಾವ ಬಣ್ಣದ ಅಂಗಿ ತೊಟ್ಟರೂ ಅದು ರೆಡ್‌ಶರ್ಟೇ.

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ ಎನ್ನುವುದೂ ಗೊತ್ತಿರಲಿ. ಡ್ಯಾನ್ ಗೇಬಲ್ 1960ರ ದಶಕದಲ್ಲಿ ಅಯೋವಾ ಸ್ಟೇಟ್ ಸೇರಿದಾಗ ಫ್ರೆಶ್‌ಮನ್‌ಗಳನ್ನು ಮುಖ್ಯ ತಂಡದಲ್ಲಿ ಇಳಿಸುವಂತೆಯೇ ಇರಲಿಲ್ಲ. ಮುಂದೆ 1972ರ ಮ್ಯೂನಿಕ್‌ನಲ್ಲಿ ಒಂದೂ ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದ ಗೇಬಲ್ ಕೂಡ ಮೊದಲ ವರ್ಷ ಹೊರಗೇ ಕಾದವರು. ಆಗ ಆಯ್ಕೆ ಇರಲಿಲ್ಲ. ಈಗ ಇದೆ. ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಕುಸ್ತಿಯಲ್ಲಿ ಇದು ಯಾಕೆ ಇಷ್ಟು ಭಾರ

ಫುಟ್‌ಬಾಲ್‌ನಲ್ಲಿ ಹೊಸ ಹುಡುಗನನ್ನು ಕೊನೆಯ ಐದು ನಿಮಿಷ ಆಡಿಸಿ ನೋಡಬಹುದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಂಚ್‌ನಿಂದ ಎಬ್ಬಿಸಿ ಒಂದೆರಡು ಸುತ್ತು ಕಳಿಸಬಹುದು. ಕುಸ್ತಿಯಲ್ಲಿ ಹಾಗಾಗುವುದಿಲ್ಲ. ಕಾಲೇಜು ಕುಸ್ತಿಯಲ್ಲಿ 10 ತೂಕಗಳಿವೆ: 125, 133, 141, 149, 157, 165, 174, 184, 197 ಮತ್ತು 285 ಪೌಂಡ್. ಒಂದು ತೂಕಕ್ಕೆ ತಂಡದಿಂದ ಒಬ್ಬನೇ. ಅರ್ಧ ಅವನು, ಅರ್ಧ ಇವನು ಎನ್ನುವ ಹಾಗಿಲ್ಲ. ತಂಡದಲ್ಲಿ 30 ಜನ ಇದ್ದರೆ 20 ಜನ ಬದಿಯಲ್ಲಿ ನಿಂತು ನೋಡುವವರೇ.

ಆದ್ದರಿಂದ ಬಹಳ ಹುಡುಗರ ವಿಷಯದಲ್ಲಿ ರೆಡ್‌ಶರ್ಟ್ ಎನ್ನುವುದು ತೀರ್ಮಾನವೇ ಅಲ್ಲ, ಪರಿಸ್ಥಿತಿ. ಅವನ ತೂಕದಲ್ಲಿ ಕಳೆದ ವರ್ಷ ದೇಶಕ್ಕೆ ನಾಲ್ಕನೆಯವನಾಗಿ ಬಂದ ಸೀನಿಯರ್ ಒಬ್ಬ ಇದ್ದರೆ ಮುಗಿಯಿತು. ಹುಡುಗ ಒಂದು ವರ್ಷ ಅವನ ಕೈಯಲ್ಲಿ ಪೆಟ್ಟು ತಿಂದು ಕಲಿಯುವುದೇ ಸರಿ. ಇಲ್ಲಿ ಯೋಚನೆ ಮಾಡಿ ನಿದ್ದೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ನಿಜವಾದ ಪ್ರಶ್ನೆ ಏಳುವುದು ಜಾಗ ಖಾಲಿ ಇದ್ದಾಗ, ಅಥವಾ ಫ್ರೆಶ್‌ಮನ್ನೇ ಅಭ್ಯಾಸದಲ್ಲಿ ಸೀನಿಯರ್‌ಗೆ ಸಮಬಲ ಆದಾಗ.

ಎದುರಿಗೆ ಯಾರು ನಿಲ್ಲುತ್ತಾರೆ ನೋಡಿ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಎಂದಿದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ತೂಕ ಮಾತ್ರವಲ್ಲ, ವಯಸ್ಸು, ಅನುಭವ ಎಲ್ಲ ಅಳೆದು ಜೋಡಿ ಮಾಡುತ್ತಾರೆ. ಉಸ್ತಾದ್ ತನ್ನ ಹುಡುಗನಿಗೆ ಈ ಜೋಡಿ ಬೇಡ ಎಂದರೆ ಬೇಡ. ಅಮೆರಿಕದ ಕಾಲೇಜಿನಲ್ಲಿ ಆ ರಕ್ಷಣೆ ಇಲ್ಲ. ತೂಕ ಒಂದೇ ಇದ್ದರೆ ಸಾಕು. 18 ವರ್ಷದ ಹುಡುಗ 23 ವರ್ಷದ ಗಂಡಸಿನ ಎದುರು ನಿಲ್ಲಬೇಕು. ಇಬ್ಬರೂ 165 ಪೌಂಡ್ ತೂಗಬಹುದು. ಆದರೆ ಆ ಐದು ವರ್ಷದ ಹಿಡಿತ, ಸೊಂಟದ ಬಲ, ಮೈ ಮೇಲೆ ಬಿದ್ದಾಗಿನ ಭಾರ ಬೇರೆಯೇ.

ಆಟವೂ ಬೇರೆ. ಹೈಸ್ಕೂಲ್ ಪಂದ್ಯ ಸಾಮಾನ್ಯವಾಗಿ ಆರು ನಿಮಿಷ. ಕಾಲೇಜಿನದು ಏಳು: ಮೊದಲ ಸುತ್ತು ಮೂರು ನಿಮಿಷ, ಆಮೇಲೆ ಎರಡು, ಎರಡು. ಒಂದೇ ನಿಮಿಷ ಜಾಸ್ತಿ ಅಲ್ವಾ ಎನಿಸುತ್ತದೆ. ಆ ಕೊನೆಯ ನಿಮಿಷದಲ್ಲೇ ಎಷ್ಟೋ ಹುಡುಗರ ಕಾಲು ನಡುಗುವುದು. ಇದರ ಜೊತೆಗೆ ಎದುರಾಳಿಯನ್ನು ಕೆಳಗೆ ಹಿಡಿದಿಟ್ಟುಕೊಳ್ಳುವುದಕ್ಕೂ ಕಾಲೇಜಿನಲ್ಲಿ ಬೆಲೆ ಇದೆ. ಎದುರಾಳಿಗಿಂತ ಒಟ್ಟು ಒಂದು ನಿಮಿಷ ಹೆಚ್ಚು ಮೇಲೆ ಕೂತಿದ್ದರೆ ಒಂದು ಪಾಯಿಂಟ್ ಬರುತ್ತದೆ. ಹೈಸ್ಕೂಲ್‌ನಲ್ಲಿ ಕೆಳಗೆ ಬಿದ್ದರೂ ಜಿಗಿದು ಎದ್ದು ಬಿಡುತ್ತಿದ್ದ ಹುಡುಗ, ಇಲ್ಲಿ ಒಬ್ಬ ಬಲವಾದ ಸೀನಿಯರ್ ಬೆನ್ನೇರಿದರೆ ಎರಡು ನಿಮಿಷ ಏಳಲಾರ. ಕೆಳಗಿನಿಂದ ಏಳುವುದು ಬಾರದ ಫ್ರೆಶ್‌ಮನ್‌ಗೆ ಒಂದು ವರ್ಷ ಕೊಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಿಂತಲ್ಲಿ ಎಷ್ಟೇ ಚುರುಕಾಗಿರಲಿ.

ಒಂದೇ ವರ್ಷ ಹೈಸ್ಕೂಲ್ ಮುಗಿಸಿದ ಇಬ್ಬರು

ಈ ಲೆಕ್ಕ ಅರ್ಥ ಆಗಬೇಕಾದರೆ ಕೈಲ್ ಡೇಕ್ ಮತ್ತು ಡೇವಿಡ್ ಟೇಲರ್ ಕಥೆಗಿಂತ ಒಳ್ಳೆಯದು ಸಿಗುವುದಿಲ್ಲ. ಇಬ್ಬರೂ 2009ರಲ್ಲಿ ಹೈಸ್ಕೂಲ್ ಮುಗಿಸಿದರು. ಡೇಕ್ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ಸೇರಿದರು. ಟೇಲರ್ ಪೆನ್ ಸ್ಟೇಟ್ ಸೇರಿದರು. ಅಲ್ಲಿ ಕೇಲ್ ಸ್ಯಾಂಡರ್ಸನ್ ಅದೇ ವರ್ಷ ಕೋಚ್ ಆಗಿ ಬಂದಿದ್ದರು.

ಡೇಕ್ ಮೊದಲ ವರ್ಷವೇ ಇಳಿದರು. ಕಾರ್ನೆಲ್ ಇರುವ ಐವಿ ಲೀಗ್ ಗುಂಪಿನ ಕಾಲೇಜುಗಳಲ್ಲಿ ರೆಡ್‌ಶರ್ಟ್ ಪದ್ಧತಿಗೆ ಜಾಗ ಇಲ್ಲ, ನಾಲ್ಕು ವರ್ಷದಲ್ಲಿ ಓದು ಮುಗಿಸಿ ಹೊರಡಬೇಕು. ಹಾಗಾಗಿ ಕಾರ್ನೆಲ್‌ನ ಹುಡುಗನಿಗೆ ಈ ಆಯ್ಕೆಯೇ ಇರಲಿಲ್ಲ ಎನ್ನಬಹುದು. 2010ರಲ್ಲಿ 141 ಪೌಂಡ್‌ನಲ್ಲಿ ಗೆದ್ದರು. 2011ರಲ್ಲಿ 149, 2012ರಲ್ಲಿ 157. ಮೂರು ವರ್ಷ, ಮೂರು ತೂಕ, ಮೂರು ಪ್ರಶಸ್ತಿ.

ಟೇಲರ್ ಮೊದಲ ವರ್ಷ ರೆಡ್‌ಶರ್ಟ್. 2011ರಲ್ಲಿ ಇಳಿದು 157ರಲ್ಲಿ ಫೈನಲ್ ತಲುಪಿದರು. ಸೋಲೇ ಕಾಣದೆ ಬಂದ ಹುಡುಗ ಅಲ್ಲಿ ಬುಬ್ಬಾ ಜೆಂಕಿನ್ಸ್ ಕೈಯಲ್ಲಿ ಚಿತ್ ಆದರು. 2012ರಲ್ಲಿ 165ರಲ್ಲಿ ಚಾಂಪಿಯನ್. 2013ಕ್ಕೆ ಡೇಕ್ ಕೂಡ 165ಕ್ಕೆ ಬಂದರು. ಅಯೋವಾದ ರಾಜಧಾನಿ ಡೆಮೊಯ್ನ್‌ನಲ್ಲಿ ಇಬ್ಬರೂ ಫೈನಲ್‌ನಲ್ಲಿ ಎದುರಾದರು. ಡೇಕ್ 5–4ರಿಂದ ಗೆದ್ದರು. ನಾಲ್ಕು ಬೇರೆ ಬೇರೆ ತೂಕದಲ್ಲಿ ನಾಲ್ಕು ಪ್ರಶಸ್ತಿ ಗೆದ್ದ ಮೊದಲಿಗ, ಅದೂ ರೆಡ್‌ಶರ್ಟ್ ಇಲ್ಲದೆ.

ಈಗ ಲೆಕ್ಕ ನೋಡಿ. ಟೇಲರ್ ಮೊದಲ ವರ್ಷವೇ ಇಳಿದಿದ್ದರೆ 2013ರ ಆ ಸೋಲೇ ಅವರ ಕೊನೆಯ ಕಾಲೇಜು ಪಂದ್ಯ ಆಗುತ್ತಿತ್ತು. ಒಂದು ಪಾಯಿಂಟಿನ ಸೋಲು ಹೊತ್ತು ಮನೆಗೆ ಹೋಗುತ್ತಿದ್ದರು. ಆದರೆ ರೆಡ್‌ಶರ್ಟ್ ಮಾಡಿ ಉಳಿಸಿಟ್ಟ ಒಂದು ವರ್ಷ ಕೈಯಲ್ಲಿತ್ತು. 2014ರಲ್ಲಿ ಡೇಕ್ ಇರಲಿಲ್ಲ. ಟೇಲರ್ 165ರಲ್ಲಿ ಮತ್ತೆ ಚಾಂಪಿಯನ್ ಆದರು. ಪೆನ್ ಸ್ಟೇಟ್ ಸತತ ನಾಲ್ಕನೇ ಬಾರಿ ತಂಡದ ಪ್ರಶಸ್ತಿ ಗೆದ್ದಿತು. ಕೋಚ್ ದೃಷ್ಟಿಯಿಂದಲೂ ಇದು ಪಕ್ಕಾ ಲೆಕ್ಕ. 2010ರಲ್ಲಿ ತಂಡ ಪ್ರಶಸ್ತಿಯ ಹತ್ತಿರವೂ ಇರಲಿಲ್ಲ. ಗೆಲ್ಲಲಾಗದ ವರ್ಷದಲ್ಲಿ ಒಳ್ಳೆಯ ಹುಡುಗನ ಸೀಸನ್ ಸುಡುವುದು ಯಾಕೆ?

ಹಾಗಂತ ಟೇಲರ್ ದಾರಿ ಸರಿ, ಡೇಕ್ ದಾರಿ ತಪ್ಪು ಎಂದಲ್ಲ. ಡೇಕ್ 18–19ನೇ ವಯಸ್ಸಿಗೇ ಗೆಲ್ಲುವಷ್ಟು ಹಣ್ಣಾಗಿದ್ದರು. ಮುಂದೆ ಟೋಕಿಯೊದಲ್ಲಿ ಟೇಲರ್ 86 ಕೆಜಿಯಲ್ಲಿ ಚಿನ್ನ ಗೆದ್ದರು, ಡೇಕ್ 74 ಕೆಜಿಯಲ್ಲಿ ಕಂಚು ಗೆದ್ದರು. ಇಬ್ಬರೂ ಎಲ್ಲಿಗೆ ತಲುಪಬೇಕೋ ತಲುಪಿದರು. ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಬೇರೆ. ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಹುಡುಗ ಈಗ ತಯಾರಾಗಿದ್ದಾನಾ?’ ಅದು ಅರ್ಧ ಪ್ರಶ್ನೆ. ಪೂರ್ತಿ ಪ್ರಶ್ನೆ ಹೀಗೆ: ‘18ರ ವಯಸ್ಸಿನ ಒಂದು ಸೀಸನ್ ಕೊಟ್ಟು 23ರ ವಯಸ್ಸಿನ ಒಂದು ಸೀಸನ್ ಕೊಳ್ಳುತ್ತಿದ್ದೇವೆ. ಈ ವ್ಯಾಪಾರ ಲಾಭವಾ?’ ರೆಡ್‌ಶರ್ಟ್ ಎಂದರೆ ಇಷ್ಟೇ. ಮೊದಲ ವರ್ಷವನ್ನು ಮಾರಿ ಐದನೇ ವರ್ಷವನ್ನು ಕೊಳ್ಳುವುದು.

ಹೆಚ್ಚಿನ ಹುಡುಗರಿಗೆ ಇದು ಲಾಭವೇ. 18ರಲ್ಲಿ ಐವತ್ತು ಪಂದ್ಯದಲ್ಲಿ ಅರ್ಧ ಸೋಲುವವನು 23ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ತಲುಪಬಹುದು. ಆ ಚಾಂಪಿಯನ್‌ಶಿಪ್‌ಗೆ ದೇಶದಿಂದ ಒಂದು ತೂಕಕ್ಕೆ 33 ಜನ ಮಾತ್ರ ಬರುತ್ತಾರೆ. ಮೊದಲ ಎಂಟು ಸ್ಥಾನ ಪಡೆದವರಿಗೆ ‘ಆಲ್ ಅಮೆರಿಕನ್’ ಎಂಬ ಗೌರವ. ಜೀವನ ಪೂರ್ತಿ ಹೆಸರಿನ ಜೊತೆ ಉಳಿಯುವ ಪದವಿ ಅದು. ಅದಕ್ಕಾಗಿ ಒಂದು ವರ್ಷ ಕಾಯುವುದು ದೊಡ್ಡ ಬೆಲೆ ಅಲ್ಲ.

ಜೇಬಿನಲ್ಲಿ ಇಟ್ಟುಕೊಂಡ ನೋಟು

ಆದರೆ ಇನ್ನೊಂದು ಪಕ್ಕ ಇದೆ. ರೆಡ್‌ಶರ್ಟ್ ಮೊದಲ ವರ್ಷವೇ ಆಗಬೇಕು ಎಂದು ಎಲ್ಲೂ ಬರೆದಿಲ್ಲ. ಒಕ್ಲಹೋಮ ಸ್ಟೇಟ್‌ನ ಪ್ಯಾಟ್ ಸ್ಮಿತ್ ಕಾಲೇಜು ಕುಸ್ತಿಯಲ್ಲಿ ನಾಲ್ಕು ಬಾರಿ ಚಾಂಪಿಯನ್ ಆದ ಮೊದಲಿಗ. ಗೆದ್ದ ವರ್ಷಗಳು 1990, 1991, 1992 ಮತ್ತು 1994. ನಡುವೆ 1993 ಇಲ್ಲ, ಅಲ್ವಾ? ಅದೇ ಅವರ ರೆಡ್‌ಶರ್ಟ್ ವರ್ಷ. ಮೂರು ಗೆದ್ದ ಮೇಲೆ ಒಂದು ವರ್ಷ ಹೊರಗೆ ನಿಂತು, ಮತ್ತೆ ಬಂದು ನಾಲ್ಕನೆಯದು ಗೆದ್ದರು.

ಸ್ಪೆನ್ಸರ್ ಲೀ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2018, 2019ರಲ್ಲಿ ಗೆದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಚಾಂಪಿಯನ್‌ಶಿಪ್ಪೇ ರದ್ದಾಯಿತು. 2021ರಲ್ಲಿ ಎರಡೂ ಮೊಣಕಾಲಿನ ಲಿಗಮೆಂಟ್ ಹರಿದಿದ್ದರೂ ಇಳಿದು ಮೂರನೆಯದು ಗೆದ್ದರು. 2022ರಲ್ಲಿ ಇನ್ನು ಸಾಧ್ಯವಿಲ್ಲ ಎಂದು ಶಸ್ತ್ರಚಿಕಿತ್ಸೆಗೆ ಹೋದರು. ಮೊದಲ ವರ್ಷ ಖರ್ಚು ಮಾಡದೆ ಉಳಿದಿದ್ದ ಆ ಬಿಡುವಿನ ವರ್ಷ ಇಲ್ಲಿ ಕೈ ಹಿಡಿಯಿತು. 2023ರಲ್ಲಿ ಮತ್ತೆ ಬಂದರು. ನಾಲ್ಕನೇ ಪ್ರಶಸ್ತಿ ಸಿಗಲಿಲ್ಲ, ಸೆಮಿಫೈನಲ್‌ನಲ್ಲಿ ಪರ್ಡ್ಯೂನ ಮ್ಯಾಟ್ ರಾಮೋಸ್ ಅವರನ್ನು ಚಿತ್ ಮಾಡಿಬಿಟ್ಟರು, ಲೀ ಸೋತರು. ಆದರೆ ಬರಲು ಒಂದು ದಾರಿ ಇತ್ತು ಎನ್ನುವುದು ಮುಖ್ಯ. ಆ ವರ್ಷಗಳಲ್ಲಿ ಕೋವಿಡ್‌ನಿಂದಾಗಿ ಎಲ್ಲರಿಗೂ ಒಂದು ಹೆಚ್ಚುವರಿ ವರ್ಷ ಸಿಕ್ಕಿತ್ತು, ಅದೂ ಈ ಲೆಕ್ಕದಲ್ಲಿ ಸೇರಿದೆ.

ಅಂದರೆ ರೆಡ್‌ಶರ್ಟ್ ಜೇಬಿನಲ್ಲಿಟ್ಟ ದೊಡ್ಡ ನೋಟಿದ್ದಂತೆ. ಮೊದಲ ದಿನವೇ ಮುರಿಸಿದರೆ ಮುಂದೆ ಮಳೆಗಾಲಕ್ಕೆ ಏನೂ ಉಳಿಯುವುದಿಲ್ಲ. ಕುಸ್ತಿಯಲ್ಲಿ ಮಳೆಗಾಲ ಬಂದೇ ಬರುತ್ತದೆ. ಮೊಣಕಾಲು, ಭುಜ, ಕತ್ತು, ಯಾವುದಾದರೂ ಒಂದು. ಗಾಯದ ವರ್ಷಕ್ಕೆ ಬೇರೆ ನಿಯಮವೂ ಇದೆ ನಿಜ. ಸೀಸನ್‌ನ ಮೊದಲರ್ಧದಲ್ಲಿ ಗಾಯವಾಗಿ, ಸುಮಾರು 30%ಕ್ಕಿಂತ ಹೆಚ್ಚು ಸ್ಪರ್ಧಿಸಿರದಿದ್ದರೆ ಆ ಸೀಸನ್ ವಾಪಸ್ ಕೇಳಬಹುದು. ಆದರೆ ಗಾಯ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಫೆಬ್ರವರಿಯಲ್ಲಿ ಮೊಣಕಾಲು ಹೋದರೆ ಆ ಸೀಸನ್ ಹೋಯಿತು.

ಅದೃಷ್ಟದ ಪಾಲು ಎಷ್ಟು ದೊಡ್ಡದು ಎನ್ನುವುದಕ್ಕೆ ಕಾರ್ಟರ್ ಸ್ಟಾರೋಚಿ ಸಾಕ್ಷಿ. ಪೆನ್ ಸ್ಟೇಟ್ ಸೇರಿ 2019–20ರಲ್ಲಿ ರೆಡ್‌ಶರ್ಟ್ ಮಾಡಿದರು. ಅದೇ ವರ್ಷ ಚಾಂಪಿಯನ್‌ಶಿಪ್ ರದ್ದಾಯಿತು. ಬೇರೆಯವರು ಪ್ರಶಸ್ತಿಯೇ ಇಲ್ಲದ ಸೀಸನ್ ಒಂದನ್ನು ಕಳೆದುಕೊಂಡರು, ಸ್ಟಾರೋಚಿ ಏನೂ ಕಳೆದುಕೊಳ್ಳಲಿಲ್ಲ. ಮರುವರ್ಷದ ಸೀಸನ್ ಯಾರ ಲೆಕ್ಕಕ್ಕೂ ಸೇರಲಿಲ್ಲ. 2021ರಿಂದ 2025ರವರೆಗೆ ಐದು ಬಾರಿ ಗೆದ್ದು ಯಾರೂ ಮಾಡದ ದಾಖಲೆ ಬರೆದರು. ಇದನ್ನು ಯಾವ ಕೋಚ್ ತಾನೇ ಮೊದಲೇ ಊಹಿಸಲು ಸಾಧ್ಯ?

ಈಗ ತೀರ್ಮಾನ ಜನವರಿಗೆ

ಮೊದಲೆಲ್ಲ ನಿಯಮ ಬಿಗಿಯಾಗಿತ್ತು. ತಂಡದ ಪರ ಒಂದು ಪಂದ್ಯಕ್ಕೆ ಇಳಿದರೂ ಸೀಸನ್ ಖರ್ಚು. ಹಾಗಾಗಿ ರೆಡ್‌ಶರ್ಟ್ ಹುಡುಗರು ನವೆಂಬರ್, ಡಿಸೆಂಬರ್‌ನ ಮುಕ್ತ ಟೂರ್ನಿಗಳಿಗೆ ‘ಅನ್‌ಅಟ್ಯಾಚ್ಡ್’ ಎಂದು, ಅಂದರೆ ಯಾವ ಕಾಲೇಜಿನ ಹೆಸರೂ ಇಲ್ಲದೆ, ಹೋಗುತ್ತಿದ್ದರು. ಕಾಲೇಜಿನ ಸಿಂಗ್ಲೆಟ್, ಅಂದರೆ ಕುಸ್ತಿಯ ಉಡುಪು, ತೊಡುವಂತಿಲ್ಲ. ಖರ್ಚೂ ತಮ್ಮದೇ.

ಇತ್ತೀಚೆಗೆ ಇದು ಸಡಿಲವಾಗಿದೆ. ಮೊದಲ ವರ್ಷದ ಕುಸ್ತಿಪಟು ಐದು ಸ್ಪರ್ಧಾ ದಿನಗಳವರೆಗೆ ತಂಡದ ಪರ ಇಳಿದರೂ ಅವನ ರೆಡ್‌ಶರ್ಟ್ ಉಳಿಯುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಆದ ಅತ್ಯಂತ ಒಳ್ಳೆಯ ಬದಲಾವಣೆ ಇದು. ಯಾಕೆಂದರೆ ಆಗಸ್ಟ್‌ನಲ್ಲಿ ಕಣ್ಣು ಮುಚ್ಚಿ ತೀರ್ಮಾನ ಮಾಡಬೇಕಿಲ್ಲ. ಒಂದೆರಡು ಡ್ಯುಯಲ್ (ಎರಡು ಕಾಲೇಜು ತಂಡಗಳ ಮುಖಾಮುಖಿ), ಒಂದು ಟೂರ್ನಿ, ಒಬ್ಬ ಬಲವಾದ ಎದುರಾಳಿ, ತುಂಬಿದ ಸಭಾಂಗಣ, ಎಲ್ಲವನ್ನೂ ತೋರಿಸಿ ನೋಡಬಹುದು. ಹುಡುಗ ಅಲ್ಲಿ ಹೇಗೆ ಉಸಿರಾಡುತ್ತಾನೆ ಎನ್ನುವುದು ಅಭ್ಯಾಸದ ಕೋಣೆಯಲ್ಲಿ ಗೊತ್ತಾಗುವುದಿಲ್ಲ. ಡಿಸೆಂಬರ್ ಕೊನೆಗೆ ಅಪ್ಪ, ಮಗ, ಕೋಚ್ ಮೂವರ ಕೈಯಲ್ಲೂ ನಿಜವಾದ ಮಾಹಿತಿ ಇರುತ್ತದೆ.

ಆ ಜನವರಿಯಲ್ಲಿ ಕೋಚ್ ಮನಸ್ಸಿನಲ್ಲಿ ಓಡುವುದು ಹುಡುಗನ ಲೆಕ್ಕ ಮಾತ್ರವಲ್ಲ. ತಂಡ ಈ ವರ್ಷ ಪ್ರಶಸ್ತಿಯ ಹತ್ತಿರ ಇದೆಯಾ? ಆ ತೂಕದಲ್ಲಿ ಇರುವವನಿಗೆ ಗಾಯವಾಗಿದೆಯಾ? ಮುಂದಿನ ವರ್ಷ ಇನ್ನೊಬ್ಬ ದೊಡ್ಡ ಹುಡುಗ ಬರುತ್ತಿದ್ದಾನಾ? ಇದರಲ್ಲಿ ತಪ್ಪೇನಿಲ್ಲ, ಅದು ಅವರ ಕೆಲಸ. ಆದರೆ ಮನೆಯವರು ಇದನ್ನು ತಿಳಿದುಕೊಂಡು ಕೇಳಬೇಕು. ‘ಇದು ನನ್ನ ಮಗನಿಗೆ ಒಳ್ಳೆಯದೋ, ತಂಡಕ್ಕೆ ಒಳ್ಳೆಯದೋ, ಎರಡಕ್ಕೂ ಒಳ್ಳೆಯದೋ?’ ಒಳ್ಳೆಯ ಕೋಚ್ ನೇರವಾಗಿ ಉತ್ತರಿಸುತ್ತಾರೆ.

ಮೈ ತೂಕ, ಮನೆ ಲೆಕ್ಕ

ಹಗುರ ತೂಕದ ಹುಡುಗರು ಬೇಗ ಹಣ್ಣಾಗುತ್ತಾರೆ. 125 ಪೌಂಡ್‌ನಲ್ಲಿ ಫ್ರೆಶ್‌ಮನ್ ಗೆಲ್ಲುವುದು ನಂಬಲಾಗದ ಮಾತಲ್ಲ. 285ಕ್ಕೆ ಬಂದರೆ ಕಥೆ ಬೇರೆ. 197ರ ನಂತರ ನೇರ 285. ಹೈಸ್ಕೂಲ್‌ನಿಂದ 220 ಪೌಂಡ್ ಇದ್ದು ಬಂದ ಹುಡುಗ, 270–280 ತೂಗುವ ಸೀನಿಯರ್ ಕೆಳಗೆ ಏನು ಮಾಡಬೇಕು? ಅವನಿಗೆ ಒಂದು ವರ್ಷ ಊಟ, ಜಿಮ್, ನಿದ್ದೆ ಬೇಕು. ಭಾರಿ ತೂಕದ ಫ್ರೆಶ್‌ಮನ್‌ಗೆ ರೆಡ್‌ಶರ್ಟ್ ಬೇಡ ಎಂದರೆ ನಾನು ಎರಡು ಸಲ ಕೇಳುತ್ತೇನೆ, ಯಾಕೆ ಎಂದು.

ತೂಕ ಇಳಿಸುವ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಅವರಿಗೆ 100 ಗ್ರಾಂ ಏನು ಮಾಡಿತು ಎಂದು ನಾವೆಲ್ಲ ನೋಡಿದ್ದೇವೆ. ಅಮೆರಿಕದ ಕಾಲೇಜುಗಳು ಇದಕ್ಕಿಂತ ದೊಡ್ಡ ಬೆಲೆ ತೆತ್ತಿವೆ. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಸುಮಾರು ಒಂದು ತಿಂಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗ ಸತ್ತರು. ಆಮೇಲೆ ನಿಯಮಗಳು ಪೂರ್ತಿ ಬದಲಾದವು. ರಬ್ಬರ್ ಸೂಟ್, ಸೌನಾ ನಿಷೇಧವಾಯಿತು. ಸೀಸನ್ ಶುರುವಿನಲ್ಲೇ ಮೈಯಲ್ಲಿನ ಕೊಬ್ಬು ಅಳೆದು, ಯಾವ ತೂಕದವರೆಗೆ ಇಳಿಯಬಹುದು ಎಂದು ನಿಗದಿ ಮಾಡುತ್ತಾರೆ. ಕೊಬ್ಬು 5%ಕ್ಕಿಂತ ಕಡಿಮೆ ಆಗುವಂತಿಲ್ಲ. ವಾರಕ್ಕೆ ಮೈತೂಕದ 1.5%ಕ್ಕಿಂತ ಹೆಚ್ಚು ಇಳಿಸುವಂತಿಲ್ಲ.

ಆದರೂ ಇನ್ನೂ ಬೆಳೆಯುತ್ತಿರುವ 18ರ ಹುಡುಗನನ್ನು ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ವಾರ ತಕ್ಕಡಿ ಮೇಲೆ ನಿಲ್ಲಿಸುವುದು ಸುಲಭದ ಮಾತಲ್ಲ. ಕೆಮಿಸ್ಟ್ರಿ ಪರೀಕ್ಷೆ ಒಂದು ಕಡೆ, ಹಸಿವು ಒಂದು ಕಡೆ, ಮನೆಯಿಂದ ದೂರ. ರೆಡ್‌ಶರ್ಟ್ ಹುಡುಗನಿಗೆ ಈ ತಕ್ಕಡಿಯ ಕಾಟ ಬಹಳ ಕಡಿಮೆ. ಹೊಟ್ಟೆ ತುಂಬ ತಿಂದು ಮೈ ಎಲ್ಲಿಗೆ ಬೆಳೆಯಬೇಕೋ ಅಲ್ಲಿಗೆ ಬೆಳೆಯಲು ಬಿಡಬಹುದು. ‘141ರಲ್ಲಿ ಜಾಗ ಖಾಲಿ ಇದೆ, 12 ಪೌಂಡ್ ಇಳಿಸಿದರೆ ಈ ವರ್ಷವೇ ಇಳಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ನನ್ನ ಉತ್ತರ ಬೇಡ. ಸ್ನೇಹಿತರಿಗೂ ಅದನ್ನೇ ಹೇಳಿದೆ.

ಇನ್ನು ದುಡ್ಡು. ಡಿವಿಷನ್ 1 ಕುಸ್ತಿ ತಂಡಕ್ಕೆ ಬಹುಕಾಲ ಇದ್ದದ್ದು 9.9 ಸ್ಕಾಲರ್‌ಶಿಪ್. ಅದನ್ನೇ ಮೂವತ್ತು ಜನ ಹಂಚಿಕೊಳ್ಳಬೇಕಿತ್ತು. ಹೆಚ್ಚಿನವರಿಗೆ ಪೂರ್ತಿ ಶುಲ್ಕ ಸಿಗುತ್ತಲೇ ಇರಲಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ಒಪ್ಪಂದದ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ ಗರಿಷ್ಠ 30 ಜನ ಎಂಬ ಮಿತಿ ಬಂದಿದೆ. ಇದರ ಪರಿಣಾಮ ರೆಡ್‌ಶರ್ಟ್ ಮೇಲೂ ಬೀಳುತ್ತದೆ. 30 ಕುರ್ಚಿಗಳಲ್ಲಿ ಒಂದನ್ನು ಈ ವರ್ಷ ಇಳಿಯದ ಹುಡುಗನಿಗೆ ಕೊಡಲು ಕೋಚ್ ಯೋಚಿಸುತ್ತಾರೆ. ಜೊತೆಗೆ ಈಗ ಹುಡುಗರು ಕಾಲೇಜು ಬದಲಿಸುವುದು ಸುಲಭ. ಒಂದು ವರ್ಷ ಕೂರಿಸಿ ಬೆಳೆಸಿದವನು ಮರುವರ್ಷ ಬೇರೆ ಕಾಲೇಜಿಗೆ ಹೋಗಿಬಿಡಬಹುದು ಎನ್ನುವ ಭಯವೂ ಇದೆ.

ಅದೇ ಬದಲಾವಣೆ ಹುಡುಗನಿಗೆ ಐದನೇ ವರ್ಷದ ಬೆಲೆ ಹೆಚ್ಚಿಸಿದೆ. ನಾಲ್ಕು ವರ್ಷದಲ್ಲಿ ಡಿಗ್ರಿ ಮುಗಿಸಿ, ಐದನೇ ವರ್ಷ ಇನ್ನೊಂದು ಒಳ್ಳೆಯ ತಂಡಕ್ಕೆ ಹೋಗಿ, ಅಲ್ಲೇ ಮಾಸ್ಟರ್ಸ್ ಓದುತ್ತಾ ಕುಸ್ತಿ ಆಡಬಹುದು. ಕೊನೆಯ ವರ್ಷ ಎಂಥ ವರ್ಷ ಆಗಬಹುದು ಎನ್ನುವುದಕ್ಕೆ ವ್ಯಾಟ್ ಹೆಂಡ್ರಿಕ್ಸನ್ ಇದ್ದಾರೆ. ಏರ್‌ಫೋರ್ಸ್ ಅಕಾಡೆಮಿಯಲ್ಲಿ ಆಡಿ, ಕೊನೆಯ ಸೀಸನ್‌ಗೆ ಒಕ್ಲಹೋಮ ಸ್ಟೇಟ್‌ಗೆ ಬಂದರು. 2025ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ, ಟೋಕಿಯೊ ಒಲಿಂಪಿಕ್ ಚಾಂಪಿಯನ್ ಗೇಬಲ್ ಸ್ಟೀವ್‌ಸನ್ ಅವರನ್ನು 5–4ರಿಂದ ಸೋಲಿಸಿದರು. ಅಂದು ಮೂಲೆಯಲ್ಲಿ ಕೂತಿದ್ದ ಮುಖ್ಯ ಕೋಚ್ ಯಾರು ಗೊತ್ತಾ? 2010ರಲ್ಲಿ ರೆಡ್‌ಶರ್ಟ್ ತೊಟ್ಟು ಕಾದಿದ್ದ ಅದೇ ಡೇವಿಡ್ ಟೇಲರ್.

ಆದರೆ ಐದನೇ ವರ್ಷದ ಶುಲ್ಕ ಯಾರು ಕಟ್ಟುತ್ತಾರೆ ಎಂದು ಮೊದಲ ವರ್ಷವೇ ಕೇಳಿ. ಬಾಯಿಮಾತಿನ ಭರವಸೆ ಸಾಲದು. ಇಂಜಿನಿಯರಿಂಗ್ ಓದುವ ಹುಡುಗನಿಗೆ ಹೇಗೂ ಐದು ವರ್ಷ ಹಿಡಿಯುವ ಸಾಧ್ಯತೆ ಇದ್ದರೆ ರೆಡ್‌ಶರ್ಟ್ ಸಹಜವಾಗಿ ಕೂಡಿಕೊಳ್ಳುತ್ತದೆ. ನಾಲ್ಕೇ ವರ್ಷದಲ್ಲಿ ಮುಗಿಸಿ ಮೆಡಿಕಲ್ ಓದಲು ಹೊರಡುವ ಹುಡುಗನಿಗೆ ಆ ಐದನೇ ವರ್ಷ ಕಾಗದದ ಮೇಲಿನ ಆಸ್ತಿ. ಬಳಸದ ಆಸ್ತಿಗೆ ಬೆಲೆ ಇಲ್ಲ. ಅಂಥವನು ತಯಾರಿದ್ದರೆ ಮೊದಲ ವರ್ಷವೇ ಇಳಿಯಲಿ.

ಈ ನಿಯಮಗಳೂ ಕಲ್ಲಿನ ಮೇಲೆ ಬರೆದವಲ್ಲ. ಐದು ವರ್ಷದಲ್ಲಿ ಐದೂ ಸೀಸನ್ ಆಡಲು ಬಿಡಬೇಕು ಎಂಬ ಚರ್ಚೆ 2025ರಲ್ಲಿ ಜೋರಾಗಿ ನಡೆಯಿತು. ಹಾಗಾದರೆ ರೆಡ್‌ಶರ್ಟ್ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಹಾಗಾಗಿ ಹುಡುಗ ಸೇರುವ ವರ್ಷದ ನಿಯಮ ಏನು ಎಂದು ಕಾಲೇಜಿನಲ್ಲಿ ಕ್ರೀಡಾ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿನಲ್ಲಿ ಕೇಳಿ ಬರಹದಲ್ಲಿ ಪಡೆಯಿರಿ. ಹೋದ ವರ್ಷದ ಹುಡುಗನ ಅಪ್ಪ ಹೇಳಿದ್ದನ್ನು ನಂಬಿ ಕೂರಬೇಡಿ.

ಸ್ನೇಹಿತರ ಮಗನ ಜೊತೆ ನಾನೇ ಮಾತಾಡಿದೆ. ಅವನು 157 ಪೌಂಡ್‌ನವನು. ಜಾಗ ಖಾಲಿ ಇಲ್ಲ, ಆದರೆ ಮೇಲಿರುವ ಸೀನಿಯರ್ ತೀರಾ ಮುಂದೆಯೂ ಇಲ್ಲ. ‘ಅಂಕಲ್, ನನಗೆ ಇಳಿಯಬೇಕು ಅನಿಸುತ್ತೆ’ ಎಂದ. ಕೆಳಗೆ ಬಿದ್ದರೆ ಏಳುತ್ತೀಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಪ್ರಾಕ್ಟೀಸ್‌ನಲ್ಲಿ ಅವನು ಬೆನ್ನೇರಿದರೆ ಏಳೋಕೆ ಆಗ್ತಿಲ್ಲ’ ಎಂದ. ಹಾಗಾದರೆ ಆ ಐದು ದಿನಗಳನ್ನು ಬಳಸಿಕೋ, ಡಿಸೆಂಬರ್‌ನಲ್ಲಿ ಮತ್ತೆ ಫೋನ್ ಮಾಡು ಎಂದೆ. ಅಪ್ಪನಿಗೆ ಒಂದೇ ಮಾತು ಹೇಳಿದೆ: ಊರಲ್ಲಿ ಯಾರಾದರೂ ಕೇಳಿದರೆ ಹುಡುಗ ಫೇಲ್ ಆಗಿಲ್ಲ, ಮೊದಲ ವರ್ಷ ಗರಡಿಯಲ್ಲಿದ್ದಾನೆ ಎನ್ನಿ.